ಎರಡು ಗಾಂಧಾರಗಳ ನಡುವೆ

ಹತ್ತಿಯ ಹೆಸರನ್ನು ಹೊತ್ತ ಬೀದಿಯೊಂದು ಬೆಂಗಳೂರಿನ ನಡುವಿನಲ್ಲಿದೆ. ನಾಮಫಲಕಗಳು ಅದನ್ನು ಕಾಟನ್‌ಪೇಟೆಯೆಂದು ಕರೆಯುತ್ತವೆ. ಅರಳೆಪೇಟೆಯೆಂಬ ಅಚ್ಚಗನ್ನಡದ ಹೆಸರೂ ಆ ನೆರೆಯಲ್ಲಿ ಇನ್ನೂ ಅಳಿದಿಲ್ಲ. ಅಲ್ಲಿಂದ ಕೂಗಳತೆಯಲ್ಲಿ ಬಳೇಪೇಟೆ. ವೀಣೆ, ಮೃದಂಗ, ಹಾರ್ಮೋನಿಯಂಗಳನ್ನು ಮಾರುವ ಅಂಗಡಿಗಳ ಬೀದಿ. ಆ ಅಂಗಡಿಗಳಲ್ಲಿ ಈಗ ಗಿಟಾರುಗಳೂ ತೂಗಾಡುತ್ತಿರುತ್ತವೆ. ಹತ್ತಿಗೂ ಗಿಟಾರಿಗೂ ಏನು ನಂಟು ಎಂದು ವಾಚಕರು ಕೇಳಬಹುದು. ನಮ್ಮ ಪೇಟೆಯ ಮಟ್ಟಿಗೆ ಅದು ಕೇವಲ ನೆರೆಹೊರೆಯ ನಂಟು. ಆದರೆ ಕಡಲಾಚೆಯ ಮಿಸಿಸಿಪ್ಪಿ ಸೀಮೆಯಲ್ಲಿ ಹತ್ತಿಯ ಹೊಲದಿಂದಲೇ ಒಂದು ಸಂಗೀತ ಹುಟ್ಟಿ ಗಿಟಾರಿನ ತಂತಿಯನ್ನೇರಿತು. ಅದರ ಹೆಸರು ಬ್ಲೂಸ್.

1865ರಲ್ಲಿ ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನಿಂದ ಅಳಿಯಿತು, ಹೊಲದಿಂದ ಅಳಿಯಲಿಲ್ಲ. ಬಿಡುಗಡೆ ಹೊಂದಿದ ನೀಗ್ರೋ ಜನ ಅದೇ ಧಣಿಗಳ ಹೊಲದಲ್ಲಿ ಪಾಲಿಗೆ ದುಡಿದು, ವರ್ಷದ ಕೊನೆಗೆ ಸಾಲವನ್ನೇ ಫಲವಾಗಿ ಪಡೆಯುತ್ತಿದ್ದರು. ದುಡಿಮೆಯ ಕೂಗು, ಇಗರ್ಜಿಯ ಹಾಡು, ಆಫ್ರಿಕದಿಂದ ಉಳಿದುಬಂದ ಸ್ವರಸಂಸ್ಕಾರ, ಇವು ಮೂರೂ ಬೆರೆತು ಬ್ಲೂಸ್ ರೂಪುಗೊಂಡಿತು. ಡಬ್ಲ್ಯು. ಸಿ. ಹ್ಯಾಂಡಿ ಎಂಬ ಸಂಗೀತಗಾರನು 1903ರ ಸುಮಾರಿನಲ್ಲಿ ಮಿಸಿಸಿಪ್ಪಿಯ ಟಟ್‌ವಿಲರ್ ರೈಲು ನಿಲ್ದಾಣದಲ್ಲಿ ಕುಳಿತಿದ್ದಾಗ, ಚಿಂದಿಬಟ್ಟೆಯ ಬಡವನೊಬ್ಬನು ಗಿಟಾರಿನ ತಂತಿಯ ಮೇಲೆ ಚಾಕುವನ್ನೊತ್ತಿ ಜಾರಿಸುತ್ತ ನುಡಿಸುವುದನ್ನು ಕೇಳಿದನಂತೆ. ನಮ್ಮ ಗೋಟುವಾದ್ಯವನ್ನು ಕೇಳಿದವರಿಗೆ ಆ ಜಾರುವ ನಾದ ಹೇಗಿದ್ದೀತೆಂದು ವಿವರಿಸಬೇಕಾಗಿಲ್ಲ. 1912ರಲ್ಲಿ ಹ್ಯಾಂಡಿ ‘ಮೆಂಫಿಸ್ ಬ್ಲೂಸ್’ ಪ್ರಕಟಿಸಿದನು. 1920ರಲ್ಲಿ ಮೇಮಿ ಸ್ಮಿತ್ ಎಂಬಾಕೆಯ ಗಾನಮುದ್ರಿಕೆ ಬಂತು. 1936 ಮತ್ತು 1937ರ ಎರಡು ಮುದ್ರಣಗಳಲ್ಲಿ ರಾಬರ್ಟ್ ಜಾನ್ಸನ್ 29 ಹಾಡುಗಳನ್ನು ಬಿಟ್ಟು, 1938ರಲ್ಲಿ ತನ್ನ 27ನೆಯ ವಯಸ್ಸಿಗೆ ಕಣ್ಮರೆಯಾದನು. ಆ ಮೊಮ್ಮಕ್ಕಳ ಕಾಲದ ಸಂಗೀತವೇ 2003ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದವರೊಡನೆ ನಮ್ಮ ಅರಮನೆ ಮೈದಾನಕ್ಕೂ ಬಂದಿಳಿಯಿತು.

(ಇನ್ನೊಂದು ನಂಟನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. 1840ರ ದಶಕದಲ್ಲಿ ಅಮೆರಿಕದ ಹತ್ತಿಬೀಜವನ್ನು ಧಾರವಾಡ ಸೀಮೆಯ ಕಪ್ಪುನೆಲದಲ್ಲಿ ಬಿತ್ತಿ ನೋಡಿದರು. ಆ ತಳಿ ‘ಧಾರವಾಡ-ಅಮೆರಿಕನ್’ ಎಂದೇ ವ್ಯಾಪಾರದಲ್ಲಿ ಹೆಸರಾಯಿತು. ಬೀಜ ಬಂತು, ಹಾಡು ಬರಲಿಲ್ಲ. ಆ ನೆಲ ತನ್ನ ಸಂಗೀತವನ್ನು ಉತ್ತರದ ಘರಾಣೆಗಳಿಂದ ತರಿಸಿಕೊಂಡಿತು.)

ಬ್ಲೂಸಿನ ಪದ್ಯಬಂಧವನ್ನು ಕಂಡಾಗ ಕನ್ನಡ ಓದಿದವನಿಗೆ ತ್ರಿಪದಿ ನೆನಪಾಗದಿರದು. ಅಲ್ಲಿಯೂ ಮೂರು ಸಾಲು: ಮೊದಲ ಸಾಲನ್ನು ಎರಡು ಸಲ ಹಾಡಿ, ಮೂರನೆಯದರಿಂದ ಉತ್ತರ ಕೊಡುತ್ತಾರೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಿಂದ ಇಂದಿನವರೆಗೆ ಬಾಳಿದ ನಮ್ಮ ತ್ರಿಪದಿಯನ್ನು ಬೀಸುಕಲ್ಲಿನ ಮುಂದೆ ಹಾಡುವಾಗ ಎರಡನೆಯ ಸಾಲು ಮರುಕಳಿಸುತ್ತದೆ. ಮರುಕಳಿಸುವ ಸಾಲು ಬೇರೆ, ಮರುಕಳಿಸುವ ಅಗತ್ಯ ಒಂದೇ. ಕೈ ದುಡಿಯುತ್ತಿರುವಾಗ ಮುಂದಿನ ಸಾಲನ್ನು ಕಟ್ಟಿಕೊಳ್ಳಲು ಹಾಡುವವಳಿಗೆ ಒಂದು ಉಸಿರಿನ ಬಿಡುವು ಬೇಕು. 1931ರಲ್ಲಿ ಹಲಸಂಗಿಯ ಗೆಳೆಯರು ಹೊರತಂದ ‘ಗರತಿಯ ಹಾಡು’ ಸಂಗ್ರಹವನ್ನು ಓದಿದವರು ಈ ಬಿಡುವಿನ ಬೆಲೆಯನ್ನು ಬಲ್ಲರು. ಬ್ಲೂಸಿನಲ್ಲಿ ಆ ಬಿಡುವನ್ನು ತುಂಬುವುದು ಗಿಟಾರು. ಹತ್ತಿಯ ಹೊಲದಲ್ಲಿಯೇ ಬಾಲ್ಯವನ್ನು ಕಳೆದ ಬಿ. ಬಿ. ಕಿಂಗ್ (1925-2015) ತಾನು ಹಾಡುವಾಗ ನುಡಿಸುತ್ತಿರಲಿಲ್ಲ. ಹಾಡು ನಿಂತೊಡನೆ ಆತನ ಗಿಟಾರು ಮಾತನಾಡುತ್ತಿತ್ತು.

ಏನನ್ನು ಮಾತನಾಡುತ್ತಿತ್ತು? ಇಲ್ಲಿಂದ ಮುಂದೆ ಶಾಸ್ತ್ರ.

ಬ್ಲೂಸ್ ಗಿಟಾರುವಾದಕರು ಮನೋಧರ್ಮಕ್ಕೆ ಬಳಸುವ ಸ್ವರಶ್ರೇಣಿಗಳು ಮುಖ್ಯವಾಗಿ ಎರಡು; ಎರಡೂ ಐದೈದು ಸ್ವರದವು, ನಮ್ಮ ಪರಿಭಾಷೆಯಲ್ಲಿ ಔಡವಗಳು. ಅವರು ಮೇಜರ್ ಪೆಂಟಟಾನಿಕ್ ಎನ್ನುವುದು ಸ ರಿ ಗ ಪ ದ. ಗಾಂಧಾರ ಅಂತರ, ರಿಷಭ ಧೈವತಗಳು ಚತುಃಶ್ರುತಿ. ‘ವರವೀಣಾ’ ಗೀತೆಯನ್ನು ಕಲಿತ ಹುಡುಗಿಯೂ ಇದು ಮೋಹನವೆಂದು ಗುರುತಿಸಿಯಾಳು. ಮೈನರ್ ಪೆಂಟಟಾನಿಕ್ ಎನ್ನುವುದು ಸ ಗ ಮ ಪ ನಿ. ಗಾಂಧಾರ ಸಾಧಾರಣ, ನಿಷಾದ ಕೈಶಿಕಿ. ಮೈಸೂರು ಆಸ್ಥಾನದ ವಿದ್ವಾಂಸರಾಗಿದ್ದ ಮುತ್ತಯ್ಯ ಭಾಗವತರ ‘ಹಿಮಗಿರಿತನಯೇ’ ಕೃತಿಯನ್ನು ಕೇಳಿದವರಿಗೆ ಇದು ಶುದ್ಧಧನ್ಯಾಸಿಯ ಸ್ವರಗಳೆಂದು ಹೊಳೆಯುತ್ತದೆ.

ಈ ಎರಡು ಒಂದೇ ತಾಯಿಯ ಮಕ್ಕಳು. ಮೋಹನದ ಧೈವತವನ್ನು ಷಡ್ಜವೆಂದು ಹಿಡಿದರೆ ಶುದ್ಧಧನ್ಯಾಸಿ; ಶುದ್ಧಧನ್ಯಾಸಿಯ ಗಾಂಧಾರವನ್ನು ಷಡ್ಜವಾಗಿಸಿದರೆ ಮೋಹನ. ಇದೇ ಗ್ರಹಭೇದ. ಮೋಹನದ ರಿಷಭದಿಂದ ಮಧ್ಯಮಾವತಿ, ಗಾಂಧಾರದಿಂದ ಹಿಂದೋಳ, ಪಂಚಮದಿಂದ ಶುದ್ಧಸಾವೇರಿ ಹುಟ್ಟುವುದನ್ನು ವಿದ್ವಾಂಸರು ಕಚೇರಿಗಳಲ್ಲಿ ಸಭಿಕರನ್ನು ಬೆರಗುಗೊಳಿಸಲು ತೋರಿಸುವುದುಂಟು. ಗಿಟಾರುವಾದಕನಿಗೆ ಇದು ಬೆರಗೇ ಅಲ್ಲ, ಮೊದಲ ತಿಂಗಳ ಪಾಠ. ಎ ಎಂಬ ಶ್ರುತಿಯಲ್ಲಿ ಐದನೆಯ ಮೆಟ್ಟಿಲಿನ ಬಳಿ ಬೆರಳಿಟ್ಟರೆ ಮೈನರ್ ಶ್ರೇಣಿ ಬರುತ್ತದೆ. ಅದೇ ಬೆರಳಿನ ವಿನ್ಯಾಸವನ್ನು ಮೂರು ಮೆಟ್ಟಿಲು ಕೆಳಗಿಳಿಸಿ, ಎ ಶ್ರುತಿಯನ್ನೇ ನೆಲೆಯಾಗಿ ಹಿಡಿದರೆ ಮೇಜರ್ ಶ್ರೇಣಿ. ಬೆರಳಿಗೆ ಇದು ತೀರ ಸುಲಭ. ಅದರಲ್ಲೇ ಅಪಾಯವೂ ಇದೆ. ಕೇವಲ ಬೆರಳಿನಿಂದ ಕಲಿತ ಹುಡುಗರು ಮೂರು ಮೆಟ್ಟಿಲು ಹತ್ತುತ್ತ ಇಳಿಯುತ್ತ ಇರುತ್ತಾರೆ. ಯಾವಾಗ ಇಳಿಯಬೇಕು, ಏಕೆ ಇಳಿಯಬೇಕು ಎಂಬುದನ್ನು ಕಿವಿ ಹೇಳಬೇಕಾಗುತ್ತದೆ, ಬೆರಳು ಹೇಳಲಾರದು.

ಸಮಾನ ಸ್ವರಗಳಿರುವ ಮಾತ್ರಕ್ಕೆ ಮೇಜರ್ ಪೆಂಟಟಾನಿಕ್ ಶ್ರೇಣಿಯೇ ಮೋಹನವೆನ್ನುವ ಮಾತನ್ನು ನಾನು ಒಪ್ಪಲಾರೆ. ಶ್ರೇಣಿಯೆಂಬುದು ಅಕ್ಷರಮಾಲೆ, ರಾಗವೆಂಬುದು ಆಡುಮಾತು. ಶುದ್ಧಧನ್ಯಾಸಿಯ ಗಾಂಧಾರ ನಿಷಾದಗಳು ಗಮಕವಿಲ್ಲದೆ ಬಾಳಲಾರವು. ಮೋಹನದ ಗಾಂಧಾರದ ಮೇಲೆ ನಿಂತು ಗಾಯಕನು ಸಭೆಯನ್ನೇ ಕಟ್ಟಿಹಾಕಬಲ್ಲ. ಅದು ಶ್ರೇಣಿಗೆ ದಕ್ಕುವ ಭಾಗ್ಯವಲ್ಲ. ಆದರೆ ಬ್ಲೂಸೂ ಬರಿಯ ಶ್ರೇಣಿಯಲ್ಲ. ಅದರ ರಾಗತ್ವ ಬೇರೆಡೆಯಲ್ಲಿದೆ.

ಎಲ್ಲಿದೆಯೆಂಬುದನ್ನು ನನ್ನ ವಿದ್ಯಾರ್ಥಿಯೊಬ್ಬನ ತೊಡಕು ಚೆನ್ನಾಗಿ ತೋರಿಸಿತು. ಕಾಟನ್‌ಪೇಟೆಯ ಹುಡುಗ, ಸೋದರತ್ತೆಯ ಬಳಿ ವರ್ಣಗಳವರೆಗೆ ಕಲಿತು, ಆಮೇಲೆ ಗಿಟಾರು ಹಿಡಿದವನು. ಒಂದು ದಿನ ತರಗತಿ ಮುಗಿದ ಮೇಲೆ ಬಂದು, “ಸಾರ್, ಎರಡು ಗಾಂಧಾರ ಬೆರೆಸಿದರೆ ಅತ್ತೆ ಗದರಿಸುತ್ತಾರೆ, ಬೆರೆಸದೆ ಹೋದರೆ ನಮ್ಮ ತಂಡದವರು ಇದು ಬ್ಲೂಸೇ ಅಲ್ಲ ಅಂತಾರೆ. ಯಾರ ಮಾತು ಕೇಳಲಿ?” ಎಂದನು. ಇದು ನಗುವ ಮಾತಲ್ಲ. ಆ ಹುಡುಗ ಎರಡರಲ್ಲಿ ಒಂದನ್ನು ಬಿಟ್ಟುಬಿಡುವ ಹಂತಕ್ಕೆ ಬಂದಿದ್ದನು. ಹಾಗೆ ಬಿಟ್ಟವರನ್ನು ನಾನು ಬಲ್ಲೆ.

ಅತ್ತೆಯವರ ಮಾತು ಅವರ ಶಾಸ್ತ್ರದಲ್ಲಿ ಸರಿ. ನಮ್ಮ ಸಂಗೀತದಲ್ಲಿ ಆಧಾರಷಡ್ಜ ಅಲುಗದು. ತಂಬೂರಿ ಸ, ಪ ಎಂದು ಮೊರೆಯುತ್ತಿರುವಷ್ಟು ಕಾಲವೂ ನೆಲ ಒಂದೇ. ಆದ್ದರಿಂದ ಸ್ವರದ ಬಣ್ಣ ಬದಲಾದರೆ ರಾಗವೇ ಬದಲಾದಂತೆ. ಬ್ಲೂಸಿನಲ್ಲಿ ನೆಲವೇ ಚಲಿಸುತ್ತದೆ. ಹನ್ನೆರಡು ಮಾತ್ರಾಗಣಗಳ, ಅಂದರೆ ನಲವತ್ತೆಂಟು ಎಣಿಕೆಗಳ, ಒಂದು ಸುತ್ತು. ನಮ್ಮ ಆದಿತಾಳದ ಲೆಕ್ಕದಲ್ಲಿ ಆರು ಆವರ್ತ. ಮೊದಲ ಎರಡು ಆವರ್ತ ಷಡ್ಜದ ಸ್ವರಗುಚ್ಛ, ಮೂರನೆಯದು ಮಧ್ಯಮದ್ದು, ನಾಲ್ಕನೆಯದರಲ್ಲಿ ಮರಳಿ ಷಡ್ಜ, ಐದನೆಯದರಲ್ಲಿ ಪಂಚಮ, ಅದರಿಂದಿಳಿದು ಮಧ್ಯಮ, ಆರನೆಯದರಲ್ಲಿ ಮನೆಗೆ ಬಂದಂತೆ ಷಡ್ಜ.

ಷಡ್ಜದ ಗುಚ್ಛದಲ್ಲಿರುವ ಸ್ವರಗಳು ಸ, ಅಂತರ ಗಾಂಧಾರ, ಪ, ಕೈಶಿಕಿ ನಿಷಾದ. ಆದುದರಿಂದ ಅಲ್ಲಿ ಮೋಹನದ ಗಾಂಧಾರ ತನ್ನ ಮನೆಯಲ್ಲಿಯೇ ಇದ್ದಂತೆ ಹಾಯಾಗಿರುತ್ತದೆ. ಮಧ್ಯಮದ ಗುಚ್ಛದಲ್ಲಿರುವುವು ಮ, ಚತುಃಶ್ರುತಿ ಧೈವತ, ಸ, ಸಾಧಾರಣ ಗಾಂಧಾರ. ನೆಲ ಹೀಗೆ ಬದಲಾದ ಮೇಲೂ ಅಂತರ ಗಾಂಧಾರವನ್ನೇ ಹಿಡಿದು ನಿಂತರೆ ಅನ್ನದಲ್ಲಿ ಕಲ್ಲು ಕಡಿದಂತಾಗುತ್ತದೆ. ಸಾಧಾರಣ ಗಾಂಧಾರಕ್ಕೆ ಇಳಿದರೆ ಸ್ವರ ನೆಲಕ್ಕೆ ಹೊಂದುತ್ತದೆ. ಮೇಜರ್ ಶ್ರೇಣಿಯನ್ನು ಮೊದಲ ಗುಚ್ಛಕ್ಕೆ, ಮೈನರ್ ಶ್ರೇಣಿಯನ್ನು ಎರಡನೆಯದಕ್ಕೆ ಎಂದು ಗಿಟಾರು ಮೇಷ್ಟರುಗಳು ಹೇಳಿಕೊಡುವ ಸೂತ್ರದ ಮರ್ಮ ಇಷ್ಟೇ. ಪಂಚಮದ ಗುಚ್ಛದಲ್ಲಿ ಪ, ಕಾಕಲಿ ನಿಷಾದ, ರಿ, ಮ. ಪಂಚಮವಂತೂ ಎರಡು ಶ್ರೇಣಿಗಳಿಗೂ ಸಾಮಾನ್ಯ, ಉಳಿದವುಗಳಲ್ಲಿ ರಿಷಭವನ್ನು ಒಂದು ಶ್ರೇಣಿ ಕೊಟ್ಟರೆ ಮಧ್ಯಮವನ್ನು ಇನ್ನೊಂದು ಕೊಡುತ್ತದೆ. ಅಲ್ಲಿ ವಾದಕನ ಇಷ್ಟ.

ಸೂತ್ರ ಇಲ್ಲಿಗೆ ಮುಗಿಯುವುದಾದರೆ ಬ್ಲೂಸ್ ಬರಿಯ ಗಣಿತವಾಗುತ್ತಿತ್ತು. ಬಲ್ಲ ವಾದಕನು ಷಡ್ಜದ ನೆಲದ ಮೇಲೆಯೇ ಬೇಕೆಂದು ಸಾಧಾರಣ ಗಾಂಧಾರವನ್ನು ಮಿಡಿಯುತ್ತಾನೆ. ಕೆಳಗಿನಿಂದ ಅಂತರ ಗಾಂಧಾರ ಅದಕ್ಕೆ ಎದುರು ನಿಂತಿರುತ್ತದೆ. ಆ ಜಗಳವನ್ನು ಕೇಳಗೊಟ್ಟು, ತಂತಿಯನ್ನು ಬೆರಳಿನಿಂದ ಪಕ್ಕಕ್ಕೆಳೆದು ಸ್ವರವನ್ನು ಮೆಲ್ಲನೆ ಏರಿಸುತ್ತಾನೆ. ಅದು ಅಂತರ ಗಾಂಧಾರವನ್ನು ಮುಟ್ಟುವುದಿಲ್ಲ, ನಡುದಾರಿಯಲ್ಲಿ ನಿಲ್ಲುತ್ತದೆ. ಪಿಯಾನೋದಲ್ಲಿ ಈ ಸ್ವರಕ್ಕೆ ಕೀಲಿಯಿಲ್ಲ. ಬ್ಲೂ ನೋಟ್ ಎಂದು ಅವರು ಹೆಸರಿಟ್ಟಿರುವುದು ಇದಕ್ಕೆ. ವೀಣೆಯ ತಂತಿಯನ್ನೆಳೆದು ಗಮಕ ತೆಗೆಯುವವರಿಗೆ ಈ ಕ್ರಿಯೆ ಹೊಸದಲ್ಲ. ಹೊಸದಾಗಿರುವುದು ಅದು ನಿಲ್ಲುವ ಜಾಗ. ಸಂತೋಷದ ಗಾಂಧಾರವೂ ಅಲ್ಲದ, ದುಃಖದ ಗಾಂಧಾರವೂ ಅಲ್ಲದ ಆ ಜಾಗದಲ್ಲಿ ಒಂದು ಜನಾಂಗ ತನ್ನ ಮಾತನ್ನಿಟ್ಟಿತು. ಅದನ್ನು ಅಪಸ್ವರವೆಂದು ತಳ್ಳಿಹಾಕುವ ನಮ್ಮ ಕೆಲವು ವಿಮರ್ಶಕರು ಒಮ್ಮೆ ಸಮಾಧಾನದಿಂದ ಕುಳಿತು ಕೇಳಬೇಕು.

ಎರಡು ಗಾಂಧಾರಗಳ ನೆರೆವಾಸ ನಮಗೂ ಪೂರ್ತಿ ಅಪರಿಚಿತವಲ್ಲ. ಹಿಂದುಸ್ತಾನಿಯ ಜೋಗ್ ರಾಗ ಏರುವಾಗ ಶುದ್ಧ ಗಾಂಧಾರವನ್ನೂ ಇಳಿಯುವಾಗ ಕೋಮಲ ಗಾಂಧಾರವನ್ನೂ ಹಿಡಿಯುತ್ತದೆ. ನಮ್ಮ ಎಪ್ಪತ್ತೆರಡು ಮೇಳಗಳಲ್ಲಿ ಸಾಧಾರಣ ಗಾಂಧಾರದ ಜಾಗವನ್ನೇ ಷಟ್‌ಶ್ರುತಿ ರಿಷಭವೆಂದು ಹೆಸರು ಬದಲಿಸಿ, ಅಂತರ ಗಾಂಧಾರದ ಪಕ್ಕದಲ್ಲಿ ಕೂರಿಸಿದ್ದಾರೆ. 34ನೆಯ ಮೇಳವಾದ ವಾಗಧೀಶ್ವರಿಯನ್ನು ತೆಗೆದುಕೊಳ್ಳಿ: ಬ್ಲೂಸಿನ ಎರಡು ಶ್ರೇಣಿಗಳನ್ನು ಒಟ್ಟುಗೂಡಿಸಿ ಚತುಃಶ್ರುತಿ ರಿಷಭವೊಂದನ್ನು ಕಳೆದರೆ ಉಳಿಯುವ ಸ್ವರಗಳು ಇದರವೇ. ವಿವಾದಿ ಮೇಳವೆಂದು ಅನೇಕರು ದೂರವಿಟ್ಟ ಮನೆಯದು. ದೂರವಿಟ್ಟರೂ ಮನೆಯನ್ನು ಕಟ್ಟಿಟ್ಟಿದ್ದರು ಎಂಬುದು ಶಾಸ್ತ್ರಕಾರರ ದೊಡ್ಡತನ.

ಬೆಂಗಳೂರಿನಲ್ಲಿ ಇಂತಹ ಕೂಡುವಿಕೆಗೆ ಹಿಂದೆಯೂ ಮನಸ್ಸು ಮಾಡಿದವರುಂಟು. 1964ರಲ್ಲಿ ವಿದ್ವಾನ್ ಟಿ. ಎ. ಎಸ್. ಮಣಿಯವರು ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಸಂಸ್ಥೆಯವರು, ವಿದುಷಿ ಆರ್. ಎ. ರಮಾಮಣಿಯವರ ಗಾಯನದೊಂದಿಗೆ, ಅಮೆರಿಕದ ಜಾಸ್ ವಾದಕ ಚಾರ್ಲಿ ಮರಿಯಾನೊ ಜೊತೆಯಲ್ಲಿ 1983ರಲ್ಲಿ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆಯನ್ನು ಹೊರತಂದರು. ಅಲ್ಲಿ ಗಾಯಕಿ ತನ್ನ ಶ್ರುತಿಯನ್ನು ಬಿಟ್ಟುಕೊಡುವುದಿಲ್ಲ, ಸ್ಯಾಕ್ಸೊಫೋನು ತನ್ನ ಊರಿನ ಉಚ್ಚಾರಣೆಯನ್ನು ಮರೆಯುವುದಿಲ್ಲ. ಕರಗದ ರಾತ್ರಿ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಕರಗ ಹೋಗಿ ಬರುವುದನ್ನು ಕಂಡ ಊರಿಗೆ ಇದರಲ್ಲಿ ಅಚ್ಚರಿಯೇನಿದೆ?

ಆ ವಿದ್ಯಾರ್ಥಿಗೆ ನಾನು ಹೇಳಿದ್ದು ಸಣ್ಣ ಅಭ್ಯಾಸ. ಮೊದಲು ಶ್ರುತಿಪೆಟ್ಟಿಗೆಯಲ್ಲಿ ಷಡ್ಜವೊಂದನ್ನೇ ಇಟ್ಟು ಮೋಹನವನ್ನು ನುಡಿಸು, ಅತ್ತೆಯವರು ಕಲಿಸಿದ ಹಾಗೆ, ಒಂದು ಸ್ವರವನ್ನೂ ಸೇರಿಸದೆ. ಆಮೇಲೆ ಗೆಳೆಯನೊಬ್ಬನನ್ನು ಕೂರಿಸಿ, ಎರಡು ಆವರ್ತ ಷಡ್ಜದ ಗುಚ್ಛ, ಒಂದು ಆವರ್ತ ಮಧ್ಯಮದ ಗುಚ್ಛ ನುಡಿಸಲು ಹೇಳು. ನೆಲ ತಿರುಗುವ ಗಳಿಗೆಗೆ ಗಾಂಧಾರವನ್ನು ಇಳಿಸು. ಬೆರಳನ್ನು ನೋಡಬೇಡ. ಮೂರು ವಾರಗಳ ಮೇಲೆ ಹುಡುಗ ಬಂದನು. ಅತ್ತೆ ಅಡುಗೆಮನೆಯಿಂದಲೇ ಕೇಳುತ್ತಿದ್ದರಂತೆ. ಗದರಿಸಿದರೇ ಎಂದು ಕೇಳಿದೆ. “ಇಲ್ಲ ಸಾರ್,” ಎಂದನು, “ರಾಗವನ್ನೇನೂ ಕೇಳಲಿಲ್ಲ. ‘ಎಳೆಯುವುದಾದರೆ ಆ ಗಾಂಧಾರವನ್ನು ಇಷ್ಟು ಅವಸರದಲ್ಲಿ ಎಳೆಯಬೇಡ ಕಣೋ’ ಅಂದರು.”