ಹೆಣ್ಣುಮಕ್ಕಳಿಗೆ ಹೊಣೆ ಕಲಿಸಿದ ಗರ್ಲ್ ಸ್ಕೌಟ್ಸ್

ಸಾಧಕರನ್ನು ಗೌರವಿಸುವುದು ನಮ್ಮ ಸಮ್ಮೇಳನಗಳ ಒಂದು ಒಳ್ಳೆಯ ಸಂಪ್ರದಾಯ. ಸಾಹಿತಿಗಳಿಗೆ, ವೈದ್ಯರಿಗೆ, ಕಲಾವಿದರಿಗೆ ಶಾಲು ಹೊದಿಸಿ, ಫಲತಾಂಬೂಲವಿತ್ತು ಕೃತಜ್ಞತೆ ಸಲ್ಲಿಸುತ್ತೇವೆ. ಅಮೆರಿಕದಲ್ಲಿ ನೆಲೆಸಿದ ಕನ್ನಡ ಮನೆಗಳ ಹೆಣ್ಣುಮಕ್ಕಳನ್ನೂ ಸದ್ದಿಲ್ಲದೆ ಬೆಳೆಸಿದ, ಕನ್ನಡದ್ದಲ್ಲದ ಸಂಸ್ಥೆಯೊಂದನ್ನು ಈ ಸ್ಮರಣ ಸಂಚಿಕೆಯಲ್ಲಿ ನೆನೆಯಬೇಕೆಂಬುದು ನನ್ನ ಬಹುದಿನಗಳ ಆಸೆ. ಅದೇ ಗರ್ಲ್ ಸ್ಕೌಟ್ಸ್.

ಈ ಚಳವಳಿಯೊಡನೆ ನನ್ನ ನಂಟು ಹಳೆಯದು. ಶಿವಮೊಗ್ಗದಲ್ಲಿ ಪ್ರೌಢಶಾಲೆ ಓದುವಾಗ ನಾನು ಗೈಡ್ ಆಗಿದ್ದೆ. ಸಮವಸ್ತ್ರ ತೊಟ್ಟು, ಕೊರಳಿಗೆ ಸ್ಕಾರ್ಫ್ ಸುತ್ತಿ, ಹಗ್ಗದ ಗಂಟುಗಳನ್ನೆಲ್ಲ ಕಣ್ಣುಮುಚ್ಚಿಯೇ ಹಾಕುತ್ತಿದ್ದೆ. ಆದರೆ ಮೂರು ದಿನದ ಶಿಬಿರಕ್ಕೆ ಹೊರಡುವ ಕಾಲ ಬಂದಾಗ ತಂದೆಯವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲಿಲ್ಲ. ಬೆಳೆಯುವ ಹುಡುಗಿ ರಾತ್ರಿ ಡೇರೆಯಲ್ಲಿ ಮಲಗುವುದೆಂದರೇನು ಎಂಬುದು ಮನೆಯ ಹಿರಿಯರ ಪ್ರಶ್ನೆಯಾಗಿತ್ತು. ಅವರದು ಪ್ರೀತಿಯೇ, ಸಂಶಯವಿಲ್ಲ. ಆದರೂ ಗಂಟು ಹಾಕಲು ಕಲಿತ ನಾನು ಡೇರೆ ಕಟ್ಟಲೇ ಇಲ್ಲ.

2003ರಲ್ಲಿ, ನ್ಯೂಜೆರ್ಸಿಯಲ್ಲಿ, ಏಳು ವರ್ಷದ ನನ್ನ ಮಗಳು ಶಾಲೆಯಿಂದ ಬ್ರೌನಿ ತಂಡದ ಅರ್ಜಿಯನ್ನು ತಂದಳು. ಅದರಲ್ಲಿ ಶಿಬಿರವೆಂಬ ಶಬ್ದ ಕಂಡೊಡನೆ ನನ್ನ ಬಾಯಿಂದ ಹೊರಟದ್ದು ತಂದೆಯವರ ಮಾತೇ! ಫ್ರಿಜ್ಜಿನ ಬಾಗಿಲ ಮೇಲೆ ಆ ಕಾಗದ ಹತ್ತು ದಿನ ಸಹಿಯಿಲ್ಲದೆ ನೇತಾಡಿತು. ಮಗಳು ಕೇಳಲೂ ಇಲ್ಲ, ಅಳಲೂ ಇಲ್ಲ. ದಿನವೂ ಅದನ್ನೊಮ್ಮೆ ನೋಡಿ ಶಾಲೆಗೆ ಹೋಗುತ್ತಿದ್ದಳು. ಆ ಮೌನವನ್ನು ನಾನು ಬಲ್ಲೆ. ಹನ್ನೊಂದನೆಯ ದಿನ ಸಹಿ ಹಾಕಿದೆ.

ಸಹಿ ಹಾಕಿದ ಮೇಲೆ, ಈ ಸಂಸ್ಥೆ ಎಂಥದೆಂದು ತಿಳಿಯಲು ಊರಿನ ಗ್ರಂಥಾಲಯದ ಮೊರೆಹೊಕ್ಕೆ. ಇದರ ಸ್ಥಾಪಕಿ ಜೂಲಿಯೆಟ್ ಗಾರ್ಡನ್ ಲೋ 1860ರಲ್ಲಿ ಜಾರ್ಜಿಯ ರಾಜ್ಯದ ಸವಾನಾ ನಗರದಲ್ಲಿ ಜನಿಸಿದವರು. ಒಂದು ಕಿವಿ ಮೊದಲೇ ಮಂದವಾಗಿತ್ತು. 1886ರಲ್ಲಿ ಮದುವೆಯ ದಿನ, ನಮ್ಮ ಅಕ್ಷತೆಯಂತೆಯೇ ಹಾರೈಸಿ ಎರಚಿದ ಅಕ್ಕಿಯ ಕಾಳೊಂದು ಇನ್ನೊಂದು ಕಿವಿಗೆ ಬಿದ್ದು ಅದೂ ಕೆಟ್ಟಿತು. ದಾಂಪತ್ಯವೂ ಸುಖ ತರಲಿಲ್ಲ; ಮಕ್ಕಳಿರಲಿಲ್ಲ. ಐವತ್ತು ದಾಟಿದ ಆಕೆ 1911ರಲ್ಲಿ ಇಂಗ್ಲೆಂಡಿನಲ್ಲಿ ಸ್ಕೌಟ್ ಚಳವಳಿಯ ಜನಕ ಬೇಡನ್ ಪೊವೆಲ್ ಅವರನ್ನು ಕಂಡರು. 1912ರ ಮಾರ್ಚ್ 12ರಂದು ತಮ್ಮೂರಿನಲ್ಲಿ 18 ಹುಡುಗಿಯರೊಡನೆ ಕೆಲಸ ಆರಂಭಿಸಿದರು. ಅಮೆರಿಕದ ಸಂವಿಧಾನ ಹೆಂಗಸರಿಗೆ ಮತದ ಹಕ್ಕು ಕೊಡಲು ಆಗ ಇನ್ನೂ 8 ವರ್ಷವಿತ್ತು. ಹುಡುಗಿಯರು ಬ್ಯಾಸ್ಕೆಟ್‌ಬಾಲ್ ಆಡುವುದನ್ನು ದಾರಿಹೋಕರು ನೋಡಬಾರದೆಂದು ಅಂಗಳಕ್ಕೆ ಪರದೆ ಕಟ್ಟಿದ್ದರಂತೆ! ಇದನ್ನೋದಿದಾಗ ನನಗೆ ನಗುವೂ ಬಂತು, ಸಮಾಧಾನವೂ ಆಯಿತು. ಹೆಣ್ಣುಮಕ್ಕಳ ಬಗೆಗಿನ ಅಂಜಿಕೆ ಶಿವಮೊಗ್ಗದ ಸೊತ್ತು ಮಾತ್ರವಲ್ಲ.

ಹಣದ ಮುಗ್ಗಟ್ಟು ಬಂದಾಗ ಆಕೆ ತಮ್ಮ ಮುತ್ತಿನ ಹಾರವನ್ನೇ ಮಾರಿ ಸಂಸ್ಥೆಯನ್ನು ನಡೆಸಿದರು. 1927ರಲ್ಲಿ ತೀರಿಕೊಂಡ ಆಕೆಗೆ 2012ರಲ್ಲಿ ಅಧ್ಯಕ್ಷರ ಸ್ವಾತಂತ್ರ್ಯ ಪದಕ ಮರಣೋತ್ತರವಾಗಿ ಸಂದಿತು. 2025ರಲ್ಲಿ ಅಮೆರಿಕದ ಕಾಲು ಡಾಲರ್ ನಾಣ್ಯದ ಮೇಲೆ ಆಕೆಯ ಚಿತ್ರ ಮೂಡಿತು.

ಇನ್ನು ಕುಕಿಗಳ ಕಥೆ. 1917ರಲ್ಲಿ ಒಕ್ಲಹೋಮಾದ ಮಸ್ಕೋಗೀ ಊರಿನ ತಂಡವೊಂದು ತಾನೇ ಬೇಯಿಸಿ ಮಾರಿದ ತಿನಿಸು ಇಂದು ದೇಶವಿಡೀ ಪರಿಚಿತ. ಮಗಳ ಮೊದಲ ವರ್ಷ ನಾನು ಕನ್ನಡ ಕೂಟದ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಒಂದೇ ಸಂಜೆಯಲ್ಲಿ ನಲವತ್ತು ಮನೆಗಳಿಗೆ ಫೋನಾಯಿಸಿ ನೂರಾರು ಡಬ್ಬಿಗಳಿಗೆ ಬೇಡಿಕೆ ಗಿಟ್ಟಿಸಿದೆ. ಹೆಮ್ಮೆಯಿಂದ ಪಟ್ಟಿಯನ್ನು ಮಗಳ ಮುಂದಿಟ್ಟರೆ ಅವಳ ಕಣ್ಣು ತುಂಬಿತು. “ಅಮ್ಮ, ಹಾಗಾದರೆ ನಾನು ಏನು ಮಾಡಲಿ?” ಎಂದಳು.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಗುರಿ ಇಟ್ಟುಕೊಳ್ಳುವುದು, ನಿರ್ಧರಿಸುವುದು, ಹಣ ನಿರ್ವಹಿಸುವುದು, ಜನರೊಡನೆ ವ್ಯವಹರಿಸುವುದು, ವ್ಯವಹಾರದಲ್ಲಿ ಪ್ರಾಮಾಣಿಕವಾಗಿರುವುದು, ಈ ಐದನ್ನು ಕಲಿಸಲೆಂದೇ ಇರುವ ಮಾರಾಟವನ್ನು ನಾನು ಕಸಿದುಕೊಂಡಿದ್ದೆ. ಮರುವರ್ಷ ಅವಳೇ ಮನೆಮನೆಯ ಬಾಗಿಲು ತಟ್ಟಿದಳು. ನಾನು ಬೀದಿಯಂಚಿನಲ್ಲಿ ನಿಂತೆ. ಮೂರು ಮನೆಯವರು ಬೇಡವೆಂದರು. ನಾಲ್ಕನೆಯ ಮನೆಯ ಮುಂದೆ ಅವಳ ದನಿ ಏರಿತು. ಮಾರಿದ ಡಬ್ಬಿಗಳ ಸಂಖ್ಯೆ ಹಿಂದಿನ ವರ್ಷದ ಅರ್ಧವೂ ಇರಲಿಲ್ಲ. ತಂಡದ ಪಾಲಿನ ಹಣವನ್ನು ಹೇಗೆ ಖರ್ಚು ಮಾಡಬೇಕೆಂದು ಹುಡುಗಿಯರೇ ಕೂತು ಚರ್ಚಿಸಿ, ಜಗಳವಾಡಿ, ಕೈಯೆತ್ತಿ ತೀರ್ಮಾನಿಸಿದರು.

ಹೈಸ್ಕೂಲಿನ ಮಕ್ಕಳಿಗೆ ಈ ಸಂಸ್ಥೆಯ ಅತ್ಯುನ್ನತ ಮನ್ನಣೆ ಗೋಲ್ಡ್ ಅವಾರ್ಡ್. ಸಮಾಜದ ಒಂದು ಕೊರತೆಯನ್ನು ತಾನೇ ಗುರುತಿಸಿ, ಅದಕ್ಕೆ ಬಾಳುವಂಥ ಪರಿಹಾರವನ್ನು ಹುಡುಕಬೇಕು. ಊರಿನಿಂದ ಬಂದಿದ್ದ ನನ್ನ ಅತ್ತೆಯವರು ಆಸ್ಪತ್ರೆಯಲ್ಲಿ “ಹೊಟ್ಟೆ ತೊಳಸುತ್ತದೆ” ಎಂಬುದನ್ನು ದಾದಿಗೆ ತಿಳಿಸಲಾಗದೆ ಪಟ್ಟ ಪಾಡನ್ನು ಮಗಳು ಕಂಡಿದ್ದಳು. ಇಂಗ್ಲಿಷ್ ಬಾರದ ವೃದ್ಧರಿಗಾಗಿ ಚಿತ್ರಗಳ ಕಾರ್ಡುಗಳನ್ನು ರಚಿಸಿದಳು. ಕನ್ನಡ ಶಬ್ದಗಳಿಗಾಗಿ ಅಜ್ಜಿಯನ್ನೇ ಗುರುವಾಗಿಸಿಕೊಂಡಳು. ಮೊದಲು ಕೇಳಿದ ಕಡೆ ಒಪ್ಪಲಿಲ್ಲ. ನಾನು ಬಾಯಿ ಹಾಕಲಿಲ್ಲ. ಅವಳೇ ಇನ್ನೊಂದು ಕಡೆ ಪತ್ರ ಬರೆದು ಒಪ್ಪಿಸಿದಳು. ಸುಮ್ಮನಿರುವುದು ತಾಯಿಗೆ ಎಷ್ಟು ಕಷ್ಟದ ಕೆಲಸವೆಂಬುದು ಆಗ ನನಗೆ ತಿಳಿಯಿತು.

ನಾಯಕತ್ವವೆಂದರೆ ವೇದಿಕೆಯ ಮೇಲೆ ನಿರರ್ಗಳವಾಗಿ ಮಾತಾಡುವುದೆಂದು ನಾವು ಬಗೆದಿದ್ದೇವೆ. ನಿಜವಾದ ಹೊಣೆಯನ್ನೂ ತಪ್ಪು ಮಾಡುವ ಅವಕಾಶವನ್ನೂ ಒಟ್ಟಿಗೆ ಕೊಟ್ಟಾಗ ಮಾತ್ರ ಅದು ಬೆಳೆಯುತ್ತದೆಂದು ಗರ್ಲ್ ಸ್ಕೌಟ್ಸ್ ನನಗೆ ಕಲಿಸಿತು. ನಮ್ಮ ಕೂಟಗಳಲ್ಲಿ ಹೆಣ್ಣುಮಕ್ಕಳು ಸೊಗಸಾಗಿ ನರ್ತಿಸುತ್ತಾರೆ. ಆದರೆ ಹಾಡು, ಉಡುಪು, ಸಮಯ ಎಲ್ಲವೂ ನಮ್ಮ ಆಯ್ಕೆ. ಮುಂದಿನ ಸಮ್ಮೇಳನದಲ್ಲಿ ಒಂದು ಸಭಾಂಗಣವನ್ನೂ ಅದರ ಲೆಕ್ಕದ ಪುಸ್ತಕವನ್ನೂ ಅವರ ಕೈಗೊಪ್ಪಿಸಿ ನಾವು ಹಿಂದಿನ ಸಾಲಿನಲ್ಲಿ ಕುಳಿತರೆ ಹೇಗೆ? ಕಾರ್ಯಕ್ರಮ ಅರ್ಧ ಗಂಟೆ ತಡವಾದೀತು. ನಮ್ಮ ಕಾರ್ಯಕ್ರಮಗಳೇನು ಸಮಯಕ್ಕೆ ಆರಂಭವಾಗುತ್ತವೆಯೇ!

ಈ ತಂಡಗಳನ್ನು ನಡೆಸುವವರು ಸಂಬಳವಿಲ್ಲದ ಸ್ವಯಂಸೇವಕಿಯರು. ದಿನದ ದುಡಿಮೆ ಮುಗಿಸಿ, ಪರರ ಮಕ್ಕಳಿಗಾಗಿ ಸಂಜೆಗಳನ್ನು ಮೀಸಲಿಟ್ಟವರು. ಈ ಸಂಚಿಕೆಯನ್ನು ಓದುತ್ತಿರುವ ಸೋದರಿಯರಲ್ಲೂ ಅಂಥವರಿದ್ದೀರಿ. ಅವರಿಗೆಲ್ಲ ಈ ತಾಯಿಯ ಕೃತಜ್ಞತಾಪೂರ್ವಕ ನಮಸ್ಕಾರಗಳು. ನಿಮ್ಮ ಮನೆಯ ಫ್ರಿಜ್ಜಿನ ಮೇಲೆ ಸಹಿಗಾಗಿ ಕಾದಿರುವ ಕಾಗದವೇನಾದರೂ ಇದ್ದರೆ, ದಯವಿಟ್ಟು ಹನ್ನೊಂದನೆಯ ದಿನದವರೆಗೆ ಕಾಯಬೇಡಿ.