ಕರಾರಿನಲ್ಲಿ ಬಿಟ್ಟುಹೋದ ಮಾತು

ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದ ಗಳಗನಾಥರ ಕಥೆಯನ್ನು ಕೇಳದ ಕನ್ನಡಿಗರು ವಿರಳ. ಬರೆದವನೇ ವ್ಯಾಪಾರಿಯೂ ಆಗಬೇಕಾದ ಕಷ್ಟ ನಮ್ಮಲ್ಲಿ ಹೊಸದಲ್ಲ. ಪ್ರತಿಗಳು ಮುಗಿದುಹೋಗಿದ್ದ ನನ್ನ ಕಾದಂಬರಿಯನ್ನು ನಾನೂ ಸ್ವಂತವಾಗಿ ಅಚ್ಚುಹಾಕಿಸಿ ಮಾರಬೇಕೆಂದು ಹೊರಟೆ. ಆದರೆ ಅದರ ಹಕ್ಕನ್ನು ಎಂಟು ವರ್ಷಗಳ ಹಿಂದೆಯೇ ಪ್ರಕಾಶಕರೊಬ್ಬರಿಗೆ ಬರೆದುಕೊಟ್ಟಿದ್ದೆ. ‘ಅದು ಶಾಶ್ವತವಾಗಿ ನಮ್ಮದು’ ಎಂದು ಅವರಿಂದ ಉತ್ತರ ಬಂತು. ಸಹಿ ಹಾಕಿದ ಕೈ ನನ್ನದೇ ತಾನೆ, ಸುಮ್ಮನಾಗುವವನಿದ್ದೆ.

ನೆರೆಮನೆಯ ವಕೀಲರು ಕರಾರುಪತ್ರವನ್ನು ತರಿಸಿ ಎರಡು ಸಲ ಓದಿದರು. “ಸ್ವಾಮಿ, ಇದರಲ್ಲಿ ಅವಧಿಯನ್ನೇ ಹೇಳಿಲ್ಲವಲ್ಲ!” ಎಂದರು. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಆದ ತಿದ್ದುಪಡಿಯಂತೆ, ಅವಧಿ ಹೇಳದ ವರ್ಗಾವಣೆಗೆ ಆಯುಷ್ಯ ಐದೇ ವರ್ಷ. ಪ್ರದೇಶ ಹೇಳದಿದ್ದರೆ ಅದು ಭಾರತಕ್ಕಷ್ಟೇ ಸೀಮಿತ. ಎಲ್ಲವೂ 19ನೆಯ ಕಲಮಿನಲ್ಲಿಯೇ ಇದೆ. ಕಾನೂನೆಂದರೆ ಬರೆಹಗಾರನನ್ನು ಬಿಗಿಯುವ ಹಗ್ಗವೆಂದೇ ಇಷ್ಟು ಕಾಲ ತಿಳಿದಿದ್ದೆನಲ್ಲ, ಆ ಕಲಮನ್ನು ಒಮ್ಮೆಯಾದರೂ ಓದಿದ್ದೆನೆ?

ವಕೀಲರ ಪತ್ರ ಹತ್ತು ಸಾಲನ್ನೂ ಮೀರಲಿಲ್ಲ. ಪ್ರಕಾಶಕರು ಮರುಮಾತಾಡಲಿಲ್ಲ. ಶುಲ್ಕದ ಮಾತೆತ್ತಿದಾಗ ನಕ್ಕುಬಿಟ್ಟರು. ಹೊಸ ಮುದ್ರಣದ ಮೊದಲ ಪ್ರತಿಯನ್ನು ಗೌರವಪ್ರತಿಯೆಂದು ಒಯ್ದುಕೊಟ್ಟರೆ, ಬೆಲೆಯನ್ನು ಎಣಿಸಿ ಕೈಯಲ್ಲಿಟ್ಟು, ರಸೀತಿಯನ್ನೂ ಕೇಳಿ ಪಡೆದರು.