ಮಿನುಗುವುದು ದೀಪವೋ, ಕಣ್ಣೋ?

ಕಳೆದ ಮಳೆಗಾಲದಲ್ಲಿ ನಿವೃತ್ತ ಶಾಲಾ ಶಿಕ್ಷಕರೊಬ್ಬರು ರಕ್ತದೊತ್ತಡ ತೋರಿಸಲು ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ಮಾತ್ರೆ ಬರೆಸಿಕೊಂಡು ಏಳುವಾಗ, "ಡಾಕ್ಟ್ರೇ, ಈ ಎಲ್‌ಇಡಿ ಬಲ್ಬು ಕಣ್ಣಿಗೆ ಕೆಟ್ಟದ್ದಾ? ನಮ್ಮ ನಡುಮನೆಯ ಬಲ್ಬು ಮಿಣುಕ್ ಮಿಣುಕ್ ಅಂತಿದೆ. ಎರಡು ಸಲ ಬದಲಾಯಿಸಿದ್ದಾಯಿತು. ಎಲೆಕ್ಟ್ರಿಷಿಯನ್ ಬಂದು ನೋಡಿ, ಏನೂ ಇಲ್ಲ ಸಾರ್ ಅಂದು ದುಡ್ಡು ತಗೊಂಡು ಹೋದ" ಎಂದರು. ನಾನೂ ನಕ್ಕು, "ಮೂರನೆಯದಾದರೂ ಒಳ್ಳೆಯದು ತನ್ನಿ ಮೇಷ್ಟ್ರೇ" ಎಂದುಬಿಟ್ಟೆ. ಬಾಗಿಲವರೆಗೆ ಹೋದವರು ತಿರುಗಿ ನಿಂತು, "ದೀಪ ಆರಿಸಿದ ಮೇಲೂ ಬಲಗಡೆ ಮಿಂಚಿದ ಹಾಗಾಗುತ್ತೆ, ಅದೇ ಆಶ್ಚರ್ಯ" ಎಂದರು. ನನ್ನ ನಗು ಅಲ್ಲಿಗೇ ನಿಂತಿತು. ಅವರನ್ನು ವಾಪಸ್ ಕೂರಿಸಿದೆ.

ಅವರ ಕಥೆಗೆ ಆಮೇಲೆ ಬರುತ್ತೇನೆ. ಹತ್ತರಲ್ಲಿ ಒಂಬತ್ತು ಮನೆಗಳಲ್ಲಿ ಮಿನುಗುವುದು ದೀಪವೇ ಆದ್ದರಿಂದ ಮೊದಲು ದೀಪದ ವಿಚಾರ ನೋಡೋಣ. ವೈದ್ಯನಿಗೇಕೆ ವಿದ್ಯುತ್ತಿನ ಉಸಾಬರಿ ಎಂದು ನೀವು ಕೇಳಬಹುದು. ಸಂಜೆಯ ತಲೆನೋವು ಹೊತ್ತು ಬರುವವರಿಗೆ ಮಾತ್ರೆ ಬರೆಯುವ ಮೊದಲು "ನಿಮ್ಮ ಮನೆಯ ಲೈಟು ಹೇಗಿದೆ?" ಎಂದು ಕೇಳುವುದನ್ನು ಈಚಿನ ವರ್ಷಗಳಲ್ಲಿ ನಾನು ರೂಢಿಸಿಕೊಂಡಿದ್ದೇನೆ.

ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 50 ಹರ್ಟ್ಸ್‌ನದು. ಅಂದರೆ ಅದು ಸೆಕೆಂಡಿಗೆ ನೂರು ಸಲ ಏರಿ, ನೂರು ಸಲ ಸೊನ್ನೆಗೆ ಇಳಿಯುತ್ತದೆ. ಹಳೆಯ ಬುರುಡೆ ಬಲ್ಬಿನ ತಂತಿ ಒಮ್ಮೆ ಕಾದರೆ ಅಷ್ಟು ಬೇಗ ಆರುತ್ತಿರಲಿಲ್ಲ, ಹಾಗಾಗಿ ಈ ಏರಿಳಿತ ನಮಗೆ ಗೊತ್ತಾಗುತ್ತಿರಲಿಲ್ಲ. ಎಲ್‌ಇಡಿ ಹಾಗಲ್ಲ, ವಿದ್ಯುತ್ತು ಇಳಿದ ಕ್ಷಣವೇ ಅದರ ಬೆಳಕೂ ಇಳಿಯುತ್ತದೆ. ಆದ್ದರಿಂದಲೇ ಬಲ್ಬಿನ ಬುಡದಲ್ಲಿ ಒಂದು ಪುಟ್ಟ ಸರ್ಕ್ಯೂಟ್ ಇಟ್ಟಿರುತ್ತಾರೆ. ಅದರಲ್ಲಿರುವ ಕೆಪಾಸಿಟರ್ ಮನೆಯ ಮೇಲಿನ ನೀರಿನ ಟ್ಯಾಂಕ್ ಇದ್ದ ಹಾಗೆ. ಬೀದಿ ನಲ್ಲಿ ಬಿಟ್ಟು ಬಿಟ್ಟು ಬಂದರೂ ಟ್ಯಾಂಕಿನಿಂದ ನೀರು ಸಮನಾಗಿ ಬರುತ್ತದಲ್ಲ? ಅಗ್ಗದ ಬಲ್ಬುಗಳಲ್ಲಿ ಈ ಟ್ಯಾಂಕ್ ಚಿಕ್ಕದು, ಕೆಲವದರಲ್ಲಿ ಇರುವುದೇ ಇಲ್ಲ. ಚೆನ್ನಾಗಿದ್ದ ಬಲ್ಬನ್ನೂ ಗಾಳಿಯಾಡದ ಗಾಜಿನ ಬುಟ್ಟಿಯೊಳಗೆ ಹಾಕಿಟ್ಟರೆ ಬಿಸಿಗೆ ಕೆಪಾಸಿಟರ್ ಒಣಗಿ, ಬಲ್ಬು ಸಾಯುವ ಮುಂಚೆ ಕೆಲವು ವಾರ ಮಿನುಗುತ್ತದೆ.

ಕಣ್ಣಿಗೆ ಕಾಣುವ ಮಿನುಗು ಒಂದು, ಕಾಣದ ಮಿನುಗು ಇನ್ನೊಂದು. ಸೆಕೆಂಡಿಗೆ ನೂರು ಸಲ ಆಗುವುದನ್ನು ಕಣ್ಣು ಗುರುತಿಸಲಾರದು, ಆದರೂ ಅದರ ಪರಿಣಾಮ ಇಲ್ಲದಿಲ್ಲ. 1989ರಲ್ಲಿ ಇಂಗ್ಲೆಂಡಿನ ಒಂದು ಕಚೇರಿಯಲ್ಲಿ ಹಳೆಯ ಚೋಕಿನ ಟ್ಯೂಬ್‌ಲೈಟುಗಳ ಬದಲು ಮಿನುಗದ ಎಲೆಕ್ಟ್ರಾನಿಕ್ ಚೋಕಿನವನ್ನು ಹಾಕಿ ನೋಡಿದಾಗ, ನೌಕರರ ತಲೆನೋವು ಮತ್ತು ಕಣ್ಣುನೋವು ಅರ್ಧಕ್ಕಿಂತ ಕಡಿಮೆಯಾಯಿತು. ಎಲ್ಲರಿಗೂ ಹೀಗಾಗುತ್ತದೆಂದಲ್ಲ. ಅರೆತಲೆನೋವು ಇರುವವರಿಗೆ ಇದರ ತೊಂದರೆ ಹೆಚ್ಚು.

ಮನೆಯಲ್ಲೇ ಪರೀಕ್ಷಿಸುವುದು ಸುಲಭ. ದೀಪದ ಕೆಳಗೆ ಒಂದು ಪೆನ್ಸಿಲನ್ನು ತುದಿ ಹಿಡಿದು ಬೀಸಣಿಗೆಯಂತೆ ಬೇಗ ಬೇಗ ಅಲ್ಲಾಡಿಸಿ. ಬೆಳಕು ಸಮನಾಗಿದ್ದರೆ ಒಂದೇ ಮಸುಕು ಪಟ್ಟಿ ಕಾಣುತ್ತದೆ. ಮಿನುಗುತ್ತಿದ್ದರೆ ಹತ್ತಾರು ಪೆನ್ಸಿಲುಗಳು ಬಿಡಿಬಿಡಿಯಾಗಿ ನಿಂತಂತೆ ಕಾಣುತ್ತವೆ. ಮೊಬೈಲ್ ಕ್ಯಾಮೆರಾವನ್ನು ದೀಪದ ಹತ್ತಿರ ಹಿಡಿದರೆ ಪರದೆಯ ಮೇಲೆ ಕಪ್ಪು ಪಟ್ಟೆಗಳು ಹರಿಯುವುದೂ ಇದರದೇ ಗುರುತು, ಆದರೆ ಕೆಲವು ಮೊಬೈಲುಗಳು ಪಟ್ಟೆಗಳನ್ನು ತಾವೇ ಅಳಿಸಿಬಿಡುತ್ತವೆ. ಪೆನ್ಸಿಲೇ ವಾಸಿ. ಎಸ್‌ಎಸ್‌ಎಲ್‌ಸಿ ಓದುತ್ತಿದ್ದ ಹುಡುಗಿಯೊಬ್ಬಳಿಗೆ ದಿನಾ ಸಂಜೆ ತಲೆನೋವು. ಕನ್ನಡಕದ ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಜಾತ್ರೆಯಲ್ಲಿ ಕೊಂಡ ಮೇಜಿನ ದೀಪದ ಕೆಳಗೆ ಈ ಪರೀಕ್ಷೆ ಮಾಡಿಸಿದರೆ ಏಳೆಂಟು ಪೆನ್ಸಿಲು ಕಂಡವಂತೆ. ದೀಪ ಬದಲಾಯಿಸಿದ ಮೇಲೆ ತಲೆನೋವು ತುಂಬಾ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಅವಳು ಬೆಳಗಿನ ತಿಂಡಿ ಬಿಡುತ್ತಿದ್ದಳು, ಅದಕ್ಕೆ ಬಲ್ಬು ಏನು ಮಾಡೀತು?

ಕಣ್ಣಿಗೇ ಕಾಣುವಂತೆ ಮಿನುಗುತ್ತಿದ್ದರೆ ಸ್ವಿಚ್ ಆರಿಸಿ, ಬಲ್ಬು ತಣ್ಣಗಾದ ಮೇಲೆ ಒಣಗಿದ ಕೈಯಲ್ಲಿ ತೆಗೆದು ಬೇರೆ ಕೋಣೆಯ ಹೋಲ್ಡರಿಗೆ ಹಾಕಿ ನೋಡಿ. ಅಲ್ಲೂ ಮಿನುಗಿದರೆ ಬಲ್ಬಿನ ದೋಷ, ಬಿಐಎಸ್ ಗುರುತಿರುವ ಹೊಸದನ್ನು ತನ್ನಿ. ಅಲ್ಲಿ ಸರಿಯಿದ್ದರೆ ಹಳೆಯ ಹೋಲ್ಡರಿನ ಸ್ಪ್ರಿಂಗ್ ಸಡಿಲವಾಗಿದೆ, ಇಲ್ಲವೇ ಸ್ವಿಚ್ಚಿನಲ್ಲಿ ತಂತಿ ಅಲ್ಲಾಡುತ್ತಿದೆ. ಬೆಳಕು ಕಡಿಮೆ ಮಾಡುವ ಡಿಮ್ಮರ್ ಇದ್ದರೆ ಅದಕ್ಕೆ ಒಗ್ಗುವ ಬಲ್ಬನ್ನೇ ಹಾಕಬೇಕು. ಪಂಪು ಅಥವಾ ಫ್ರಿಜ್ ಶುರುವಾಗುವಾಗ ದೀಪ ಒಂದು ಕ್ಷಣ ಮಂಕಾಗುವುದಕ್ಕೆ ಹೆದರಬೇಕಿಲ್ಲ.

ಸ್ವಿಚ್ ಆರಿಸಿದ ಮೇಲೂ ರಾತ್ರಿಯಿಡೀ ಬಲ್ಬು ಮಿಣಮಿಣ ಎನ್ನುತ್ತಿದೆ ಎಂದು ದೆವ್ವಕ್ಕೆ ಹೆದರಿ ನಿದ್ದೆಗೆಟ್ಟ ಅಜ್ಜಿಯನ್ನೂ ನಾನು ನೋಡಿದ್ದೇನೆ. ಸ್ವಿಚ್ಚಿನಲ್ಲಿ ಸಣ್ಣ ಕೆಂಪು ಇಂಡಿಕೇಟರ್ ದೀಪವಿದ್ದರೆ ಅದರ ಮೂಲಕ ಕೊಂಚ ವಿದ್ಯುತ್ತು ಜಿನುಗಿ ಹೀಗಾಗುತ್ತದೆ. ಅದರಿಂದ ಅಪಾಯವಿಲ್ಲ. ಆದರೆ ಇಂಡಿಕೇಟರ್ ಇಲ್ಲದಿದ್ದರೂ ಹೀಗಾಗುತ್ತಿದ್ದರೆ, ಸ್ವಿಚ್ಚನ್ನು ಫೇಸ್ ತಂತಿಯ ಬದಲು ನ್ಯೂಟ್ರಲ್‌ಗೆ ಜೋಡಿಸಿರುವ ಸಂಭವವಿದೆ. ಹಾಗಿದ್ದಲ್ಲಿ ಸ್ವಿಚ್ ಆರಿಸಿದರೂ ಹೋಲ್ಡರಿನಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ, ಬಲ್ಬು ಬದಲಾಯಿಸಲು ಕೈಯಿಟ್ಟವರಿಗೆ ಶಾಕ್ ಹೊಡೆಯುತ್ತದೆ. ಅಲ್ಲಿ ಮೇನ್ ಸ್ವಿಚ್ ಆರಿಸದೆ ಬಲ್ಬು ಮುಟ್ಟಬೇಡಿ, ಎಲೆಕ್ಟ್ರಿಷಿಯನ್ ಕರೆಸಿ.

ಇನ್ನೊಂದು ಪರಿಸ್ಥಿತಿಯಂತೂ ನಾಳೆಗೆ ತಳ್ಳುವಂಥದ್ದಲ್ಲ. ಇಡೀ ಮನೆಯ ದೀಪಗಳು ಒಟ್ಟಿಗೆ ಏರಿಳಿಯುವುದು, ಒಂದು ಕೋಣೆಯಲ್ಲಿ ಮಂಕಾದಾಗ ಇನ್ನೊಂದರಲ್ಲಿ ಝಗ್ಗನೆ ಹೊಳೆಯುವುದು, ಫ್ಯಾನು ಒಮ್ಮೆಲೇ ರಭಸ ಪಡೆಯುವುದು, ಇವು ನ್ಯೂಟ್ರಲ್ ತಂತಿ ಸಡಿಲಗೊಂಡ ಲಕ್ಷಣಗಳು. ಆಗ 230 ವೋಲ್ಟ್ ಬರಬೇಕಾದಲ್ಲಿ 400ರ ಹತ್ತಿರಕ್ಕೂ ಏರಬಹುದು. ಟಿವಿ, ಫ್ರಿಜ್ ಸುಡುವುದು ಹಾಗಿರಲಿ, ಮನೆಗೇ ಬೆಂಕಿ ಹತ್ತಬಹುದು. ಮೇನ್ ಸ್ವಿಚ್ ಆರಿಸಿ 1912ಕ್ಕೆ ಫೋನ್ ಮಾಡಿ. ಸ್ವಿಚ್ ಬೋರ್ಡ್ ಬಿಸಿಯಾಗಿದ್ದರೆ, ಚಟಚಟ ಸದ್ದು ಅಥವಾ ಸುಟ್ಟ ವಾಸನೆ ಬಂದರೆ ಆಗಲೂ ಮೇನ್ ಆರಿಸಿ ಎಲೆಕ್ಟ್ರಿಷಿಯನ್‌ಗೆ ಹೇಳಿಕಳಿಸಿ.

ಮನೆಯಲ್ಲಿ ಮೂರ್ಛೆರೋಗದ, ಅಂದರೆ ಫಿಟ್ಸ್‌ನ ಮಕ್ಕಳಿದ್ದರೆ ಕಣ್ಣಿಗೆ ಕಾಣುವಂತೆ ಮಿನುಗುವ ಬಲ್ಬನ್ನು ಅಂದೇ ತೆಗೆಯಿರಿ. ಫಿಟ್ಸ್ ಇರುವವರಲ್ಲಿ ನೂರಕ್ಕೆ ಮೂರರಷ್ಟು ಮಂದಿಗೆ ಮಿನುಗು ಬೆಳಕಿನಿಂದ ಫಿಟ್ಸ್ ಬರಬಹುದು, ಅದರಲ್ಲೂ ಮಕ್ಕಳಿಗೆ ಮತ್ತು ಹದಿಹರೆಯದವರಿಗೆ. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಟಿವಿಯ ಪೋಕೆಮಾನ್ ಕಾರ್ಟೂನಿನಲ್ಲಿ ಕೆಂಪು ನೀಲಿ ಬೆಳಕು ಪಟಪಟನೆ ಮಿನುಗಿದ್ದನ್ನು ನೋಡಿ ಸುಮಾರು 685 ಮಂದಿ ಆಸ್ಪತ್ರೆಗೆ ಹೋಗಬೇಕಾಯಿತು, ಹೆಚ್ಚಿನವರು ಮಕ್ಕಳು. ಅಂಥ ಬೆಳಕು ಎದುರಾದರೆ ಎರಡೂ ಕಣ್ಣು ಮುಚ್ಚುವುದಲ್ಲ, ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿ ಮುಖ ತಿರುಗಿಸಬೇಕು. ರೆಪ್ಪೆ ಮುಚ್ಚಿದರೂ ಬೆಳಕು ಒಳಗೆ ಹೋಗುತ್ತದೆ.

ಈಗ ನಮ್ಮ ಮೇಷ್ಟ್ರ ವಿಚಾರಕ್ಕೆ ಬರೋಣ. ಮಿನುಗುವುದು ದೀಪವೋ ಕಣ್ಣೋ ಎಂದು ತಿಳಿಯಲು ಮೂರು ಪ್ರಶ್ನೆ ಸಾಕು. ಮನೆಯ ಬೇರೆಯವರಿಗೂ ಕಾಣುತ್ತದೆಯೇ? ದೀಪ ಆರಿಸಿದ ಮೇಲೂ ಕಾಣುತ್ತದೆಯೇ? ಒಂದೊಂದೇ ಕಣ್ಣು ಮುಚ್ಚಿ ನೋಡಿದರೆ ಒಂದೇ ಕಣ್ಣಿನಲ್ಲಿ ಇದೆಯೇ? ಮೇಷ್ಟ್ರಿಗೆ ಮಾತ್ರ ಕಾಣುತ್ತಿತ್ತು, ಕತ್ತಲಲ್ಲಿ ಇನ್ನೂ ಚೆನ್ನಾಗಿ ಕಾಣುತ್ತಿತ್ತು, ಅದೂ ಬಲಗಣ್ಣಿನ ಅಂಚಿನಲ್ಲಿ, ಕಣ್ಣು ಹೊರಳಿಸಿದಾಗ ಕ್ಷಣಮಾತ್ರ. ಎರಡು ದಿನದಿಂದ ಮಸಿ ಉದುರಿದಂತೆ ಚುಕ್ಕೆಗಳು ತೇಲುತ್ತಿದ್ದವು. ಬಾಲ್ಯದಿಂದಲೂ ದಪ್ಪ ಗಾಜಿನ ಕನ್ನಡಕ ಬೇರೆ.

ಕಣ್ಣಿನ ಹಿಂಭಾಗದ ಅಕ್ಷಿಪಟಲವನ್ನು ಒಳಗಿನ ಲೋಳೆಯಂಥ ದ್ರವ ಎಳೆದಾಗ ಹೀಗೆ ಮಿಂಚು ಕಾಣುತ್ತದೆ. ವಯಸ್ಸಾದ ಬಹಳಷ್ಟು ಮಂದಿಗೆ ಅದು ಅಪಾಯವಿಲ್ಲದೆ ಕಳೆದುಹೋಗುತ್ತದೆ. ಕೆಲವರಲ್ಲಿ ಪಟಲ ಹರಿಯುತ್ತದೆ, ಹರಿದಲ್ಲಿಂದ ದ್ರವ ಹಿಂದೆ ನುಗ್ಗಿ ಗೋಡೆಯ ಸುಣ್ಣ ಎದ್ದಂತೆ ಇಡೀ ಪಟಲ ಎದ್ದು ಬರುತ್ತದೆ. ಆಗ ದೃಷ್ಟಿಯ ಒಂದು ಬದಿಯಿಂದ ಕಪ್ಪು ಪರದೆ ಎಳೆದಂತಾಗುತ್ತದೆ. ನೋವು ಮಾತ್ರ ಇಲ್ಲವೇ ಇಲ್ಲ, ಅದರಿಂದಲೇ ಜನ ತಡಮಾಡುತ್ತಾರೆ. ದಪ್ಪ ಕನ್ನಡಕದವರು, ಪೊರೆ ಶಸ್ತ್ರಚಿಕಿತ್ಸೆ ಆದವರು, ಕಣ್ಣಿಗೆ ಪೆಟ್ಟು ಬಿದ್ದವರು ಹೆಚ್ಚು ಎಚ್ಚರದಿಂದಿರಬೇಕು. ಯಾವುದು ಅಪಾಯದ್ದು, ಯಾವುದು ಅಲ್ಲ ಎಂಬುದನ್ನು ನನ್ನಂಥ ಸಾಮಾನ್ಯ ವೈದ್ಯ ಟಾರ್ಚು ಬಿಟ್ಟು ಹೇಳಲಾರ. ಕಣ್ಣಿನ ವೈದ್ಯರು ಹನಿ ಹಾಕಿ ಪಾಪೆ ಹಿಗ್ಗಿಸಿಯೇ ನೋಡಬೇಕು, ಅದೂ ಆ ದಿನವೇ, ತಪ್ಪಿದರೆ ಮರುದಿನ. ಹನಿ ಹಾಕಿಸಿಕೊಂಡ ಮೇಲೆ ಕೆಲವು ಗಂಟೆ ಕಣ್ಣು ಮಂಜಾಗುವುದರಿಂದ ಸ್ಕೂಟರ್ ಓಡಿಸಬಾರದು, ಜೊತೆಗೆ ಒಬ್ಬರು ಹೋಗಿ.

ಅರೆತಲೆನೋವಿನ ಮಿನುಗು ಬೇರೆ ಬಗೆಯದು. ಅಂಕುಡೊಂಕಾದ ಹೊಳೆಯುವ ಗೆರೆ ಎರಡೂ ಕಣ್ಣಿಗೆ ಕಾಣುತ್ತದೆ, ನಿಧಾನವಾಗಿ ಹರಡಿ ಒಂದು ಗಂಟೆಯೊಳಗೆ ಮಾಯವಾಗುತ್ತದೆ, ಅನೇಕರಿಗೆ ಆಮೇಲೆ ತಲೆ ಸಿಡಿಯತೊಡಗುತ್ತದೆ. ಮೊದಲ ಸಲ ಬಂದಾಗ ವೈದ್ಯರಿಗೆ ತೋರಿಸಿ.

ಮೇಷ್ಟ್ರನ್ನು ಅಂದು ಮಧ್ಯಾಹ್ನವೇ ಮಗನ ಜೊತೆ ಕಣ್ಣಾಸ್ಪತ್ರೆಗೆ ಕಳಿಸಿದೆ. ಅಕ್ಷಿಪಟಲದಲ್ಲಿ ಹರಕು ಇತ್ತು, ಇನ್ನೂ ಎದ್ದಿರಲಿಲ್ಲ. ಲೇಸರಿನಿಂದ ಸುತ್ತ ಬೆಸುಗೆ ಹಾಕಿ ಸಂಜೆಯೇ ಮನೆಗೆ ಕಳಿಸಿದರು. ಈಗ ಎರಡೂ ಕಣ್ಣಿನಿಂದ ಪತ್ರಿಕೆ ಓದುತ್ತಾರೆ. ಕೆಟ್ಟಿದೆಯೆಂದು ತೆಗೆದಿಟ್ಟಿದ್ದ ಎರಡು ಬಲ್ಬುಗಳಲ್ಲಿ ಒಂದನ್ನು ನನ್ನ ಕ್ಲಿನಿಕ್ಕಿನ ಜಗಲಿಗೆ ತಾವೇ ಹಾಕಿ ಹೋಗಿದ್ದಾರೆ. ಚೆನ್ನಾಗಿಯೇ ಉರಿಯುತ್ತಿದೆ.